ಟೀಚರಮ್ಮನ ಮನೆಯ ಹಿತ್ತಾಳೆ ಹಿಡಿಕೆ

ನನ್ನಿಂದ ಡಿಗ್ರಿ ಮುಗಿಸಲು ಆಗುವುದಿಲ್ಲ ಎಂದು ಹೇಳಿದವರು ಟೀಚರಮ್ಮ. ಬೆನ್ನ ಹಿಂದೆ ಹೇಳಿದ್ದಲ್ಲ, ಎದುರಿಗೇ ಹೇಳಿದ್ದು. ಚಿತ್ರದುರ್ಗದ ಅವರ ಮನೆಯ ಹಿತ್ತಿಲ ಕೋಣೆಗೆ ನನ್ನ ಟ್ರಂಕು ಇಳಿಸಿದ ದಿನವೇ, ಅಪ್ಪ ಇನ್ನೂ ಮೆಟ್ಟಿಲ ಮೇಲೆ ಕುಳಿತು ರುಮಾಲಿನಿಂದ ಬೆವರು ಒರೆಸಿಕೊಳ್ಳುತ್ತಿರುವಾಗಲೇ ಹೇಳಿದರು.

"ಕುರಿ ಕಾಯೋರ ಮನೇಲಿ ಪಿಯುಸಿ ಪಾಸಾಗಿದ್ದೇ ದೊಡ್ಡದು ಕಣಪ್ಪ. ಡಿಗ್ರಿಯೆಲ್ಲ ಆಗೋ ಮಾತಲ್ಲ. ಒಂದು ವರ್ಷ ಇರ್ತಾಳೆ, ಆಮೇಲೆ ನೀನೇ ಬಂದು ಕರ್ಕೊಂಡು ಹೋಗ್ತೀಯ. ಬರೆದಿಟ್ಕೊ."

ಅಪ್ಪ ನಕ್ಕು, "ತಾವು ದೊಡ್ಡೋರು ತಾಯಿ, ತಮಗ್ ಗೊತ್ತಿರ್ತೈತೆ" ಎಂದ. ಬಾಡಿಗೆ ಕರಾರಿಗೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಹತ್ತು ನಿಮಿಷವೂ ಆಗಿರಲಿಲ್ಲ. ಅವನಿಗೆ ಬರೆಯಲು ಬರುವುದಿಲ್ಲವೆಂದು ಗೊತ್ತಿದ್ದೂ "ಬರೆದಿಟ್ಕೊ" ಅಂದರು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿ ಹಾಗೇ ಇದೆ.

ಟೀಚರಮ್ಮ ಈಗ ಇಲ್ಲ. ತೀರಿಕೊಂಡು ಎರಡು ತಿಂಗಳಾಯಿತು. ಅವರ ಹಳೆಯ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಅವರ ಫೋಟೋ ಹಾಕಿ, ದಾರಿ ತೋರಿದ ತಾಯಿ ಎಂದೆಲ್ಲ ಬರೆದರು. ಬರೆಯಲಿ. ಅವರಿಗೆ ಕಂಡ ಟೀಚರಮ್ಮ ಬೇರೆ ಇದ್ದಿರಬಹುದು. ಶಾಲೆಯ ಮಕ್ಕಳು ಮೇಡಮ್ಮನನ್ನು ನೋಡುವುದು ಇಸ್ತ್ರಿ ಸೀರೆಯಲ್ಲಿ, ದಿನಕ್ಕೆ ಐದಾರು ಗಂಟೆ. ಬಾಡಿಗೆಗೆ ಇದ್ದವಳು ಬೆಳಿಗ್ಗೆ ನಲ್ಲಿ ಬಿಡುವ ಹೊತ್ತಿನಿಂದ ರಾತ್ರಿ ಚಿಲಕ ಹಾಕುವವರೆಗೆ ನೋಡಿರುತ್ತಾಳೆ. ನಾನು ಮೂರು ವರ್ಷ ನೋಡಿದ್ದೇನೆ. ನೋಡಿದ್ದನ್ನು ಬರೆಯುತ್ತೇನೆ.

ಚಂದ್ರವಳ್ಳಿಗೆ ಹೋಗುವ ದಾರಿಯ ಒಂದು ಅಡ್ಡಬೀದಿಯಲ್ಲಿ ಅವರ ಮನೆ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾಗಿದ್ದರು. ಗಂಡ ಓವರ್‌ಸಿಯರ್ ಆಗಿದ್ದವರು, ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಆ ಮನೆಯನ್ನು ಗಂಡ ನಿಂತು ಕಟ್ಟಿಸಿದ್ದರಂತೆ. ಹದಿನಾಲ್ಕು ಕಿಟಕಿ, ಪ್ರತಿ ಕಿಟಕಿಗೆ ಎರಡು ಮರದ ಬಾಗಿಲು, ಪ್ರತಿ ಬಾಗಿಲಿಗೊಂದು ಹಿತ್ತಾಳೆ ಹಿಡಿಕೆ. ಹಿಡಿಕೆಯ ಎರಡು ತುದಿಯಲ್ಲೂ ಮಾವಿನಕಾಯಿ ಆಕಾರದ ಪಾದ, ಆ ಪಾದಕ್ಕೆ ಎರಡೆರಡು ಸ್ಕ್ರೂ. ಮನೆಗೆ ಬಂದವರಿಗೆ ಟೀಚರಮ್ಮ ಮೊದಲು ತೋರಿಸುತ್ತಿದ್ದದ್ದು ದೇವರ ಕೋಣೆಯನ್ನಲ್ಲ, ಆ ಹಿಡಿಕೆಗಳನ್ನು.

ಸೋಮವಾರ ಹಿಡಿಕೆಗಳ ದಿನ. ಹುಣಸೆಹಣ್ಣು, ಬೂದಿ, ಒಂದು ಹಳೆಯ ಪಂಚೆಯ ತುಂಡು ಹಿಡಿದು ಅವರು ಒಂದೊಂದೇ ಕಿಟಕಿಯ ಮುಂದೆ ನಿಲ್ಲುತ್ತಿದ್ದರು. ಉಜ್ಜುವಾಗ ತುಟಿ ಬಿಗಿ ಹಿಡಿದಿರುತ್ತಿದ್ದರು. ಉಜ್ಜಿ ಆದ ಮೇಲೆ ಕೋಳಿ ಪುಕ್ಕ ಅದ್ದಿ ಕೀಲುಗಳಿಗೆ ಹರಳೆಣ್ಣೆ ಬಿಡುವುದು. ನನ್ನ ಕೋಣೆಯ ಎರಡು ಹಿಡಿಕೆಗಳನ್ನು ಉಜ್ಜುವ ಕೆಲಸ ನನ್ನದು. ಕಾಲೇಜಿಗೆ ಹೊರಡುವ ಮೊದಲು ಅವರು ಬಂದು ಹಿಡಿಕೆಯ ಹಿಂಭಾಗಕ್ಕೆ, ಕೈ ಹೋಗದ ಸಂದಿಗೆ ಬೆರಳು ತೂರಿಸಿ ನೋಡುತ್ತಿದ್ದರು. ಬೆರಳಿಗೆ ಕಪ್ಪು ಹತ್ತಿದರೆ ಆ ಬೆರಳನ್ನು ನನ್ನ ಕಣ್ಣ ಮುಂದೆ ಹಿಡಿದು ನಿಲ್ಲುತ್ತಿದ್ದರು. ನಾನು ಮತ್ತೆ ಹುಣಸೆಹಣ್ಣು ನೆನೆಸಬೇಕು. ಮೊದಲ ಪಿರಿಯಡ್ಡು ಎಷ್ಟು ಸಲ ಹೀಗೆ ತಪ್ಪಿತೋ.

ಕಾಫಿ ಕೊಡುತ್ತಿದ್ದರು. ಇಲ್ಲವೆನ್ನುವುದಿಲ್ಲ. ಭಾನುವಾರ ಬೆಳಿಗ್ಗೆ ಕಿಟಕಿಯ ಸರಳುಗಳ ನಡುವೆ ಲೋಟ ತೂರಿಸುತ್ತಿದ್ದರು. ಅಡುಗೆಮನೆಯ ಬಾಗಿಲು ನನ್ನ ಕೋಣೆಗೆ ನಾಲ್ಕೇ ಹೆಜ್ಜೆ. ಆದರೂ ಕಾಫಿ ಬರುವುದು ಕಿಟಕಿಯಲ್ಲಿ, ಲೋಟ ಹೋಗುವುದೂ ಕಿಟಕಿಯಲ್ಲಿ. ಆ ಲೋಟ ಅವರ ಮನೆಯ ಬೇರೆ ಲೋಟಗಳ ಜೊತೆ ಸೇರುತ್ತಿರಲಿಲ್ಲ, ಹಿತ್ತಿಲ ಗೋಡೆಯ ಗೂಡಿನಲ್ಲಿ ಒಂದೇ ಇರುತ್ತಿತ್ತು. ಒಮ್ಮೆ ನನಗೆ ಜ್ವರ ಬಂದು ಮೂರು ದಿನ ಮಲಗಿದಾಗ ರಾಗಿ ಗಂಜಿ ಕಾಯಿಸಿ ತಂದರು. ಅದೂ ಕಿಟಕಿಯಲ್ಲೇ. ಜ್ವರ ಇಳಿದ ದಿನ ಕೇಳಿದ ಮೊದಲ ಮಾತು, "ಪಾತ್ರೆ ತೊಳೆದು ಬಿಸಿಲಿಗೆ ಇಟ್ಟೆಯಾ?"

ನಾನು "ಐತೆ" ಎಂದರೆ ತಡೆದು "ಇದೆ" ಎನ್ನುತ್ತಿದ್ದರು. ಅಪ್ಪ ತಿಂಗಳಿಗೊಮ್ಮೆ ಹಿರೇಗುಂಟನೂರು ಕಡೆಯ ನಮ್ಮ ಹಳ್ಳಿಯಿಂದ ರಾಗಿ ಹಿಟ್ಟು ತಂದಾಗ ಅವನನ್ನು ಮಾತ್ರ ತಿದ್ದುತ್ತಿರಲಿಲ್ಲ. ಅವನು ಮಾತಾಡುತ್ತಿರುವಾಗ ಬೇರೆ ಕಡೆ ನೋಡುತ್ತಿದ್ದರು. ಅಪ್ಪನಿಗೆ ಅದು ಕಾಣುತ್ತಿರಲಿಲ್ಲವೋ, ಕಂಡರೂ ಬೇಡವೆನಿಸುತ್ತಿತ್ತೋ. ಮೆಟ್ಟಿಲ ಮೇಲೆ ಕುಳಿತು, "ಟೀಚರಮ್ಮನ ಮನಿ ಅಂದ್ರೆ ಗುಡಿ ಇದ್ದಂಗೆ ಕಣವ್ವ. ಇಲ್ಲಿರಾಗಂಟ ನಿನ್ನ ಓದು. ಇಲ್ಲಿಂದ ಎದ್ದೆ ಅಂದ್ರೆ ಸೀದಾ ಮನೀಗೆ ಬರಾದು" ಎನ್ನುತ್ತಿದ್ದ.

ಆ ಮಾತಿನಲ್ಲಿ ನನ್ನ ಇಡೀ ಬದುಕಿತ್ತು. ಹಾಸ್ಟೆಲಿನ ಪಟ್ಟಿಯಲ್ಲಿ ನನ್ನ ಹೆಸರು ಬಂದಿರಲಿಲ್ಲ. ಬೇರೆ ಯಾರ ಮನೆಯಲ್ಲೂ ಮಗಳನ್ನು ಬಿಡಲು ಅಪ್ಪ ಒಪ್ಪುತ್ತಿರಲಿಲ್ಲ. ಊರಿನಲ್ಲಿ ಸೋದರಮಾವನ ಮಗ ಕಾದಿದ್ದ, ಅವನ ಮನೆಯವರು ಪ್ರತಿ ಹಬ್ಬಕ್ಕೂ ದಿನ ಕೇಳುತ್ತಿದ್ದರು. ಆ ಹಿತ್ತಿಲ ಕೋಣೆ ಇದ್ದರೆ ಡಿಗ್ರಿ, ಕೋಣೆ ಹೋದರೆ ಮದುವೆ. ಇದು ಟೀಚರಮ್ಮನಿಗೂ ಚೆನ್ನಾಗಿ ಗೊತ್ತಿತ್ತು. ನಾನೇ ಒಂದು ದಿನ ಹೇಳಿಕೊಂಡಿದ್ದೆ. ಆಗಿನ್ನೂ ನನಗೆ ಯಾರಿಗೆ ಏನು ಹೇಳಬೇಕೆಂದು ತಿಳಿಯುತ್ತಿರಲಿಲ್ಲ.

ಒಂದು ಸಂಗತಿ ಬರೆಯಲೇಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಎರಡನೆಯ ವರ್ಷದಲ್ಲಿ ಒಂದು ಮಧ್ಯಾಹ್ನ ಕಾಲೇಜು ಬೇಗ ಬಿಟ್ಟಿತ್ತು. ಬಂದು ನೋಡಿದರೆ ಟೀಚರಮ್ಮ ನನ್ನ ಚಾಪೆಯ ಮೇಲೆ ಕಾಲು ನೀಡಿಕೊಂಡು ಕುಳಿತು ನನ್ನ ಇತಿಹಾಸದ ಪುಸ್ತಕ ಓದುತ್ತಿದ್ದರು. ಕನ್ನಡಕ ಮೂಗಿನ ತುದಿಗೆ ಬಂದಿತ್ತು. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸುತ್ತಿದ್ದರು. ನನ್ನನ್ನು ಕಂಡು ಪುಸ್ತಕ ಮುಚ್ಚಿ, "ಧೂಳು ಹೊಡೀತಿದ್ದೆ" ಎಂದು ಎದ್ದು ಹೋದರು. ನಾನು ಓದಿ ಗೆರೆ ಎಳೆದಿದ್ದ ಅಧ್ಯಾಯದಿಂದ ನಲವತ್ತು ಪುಟ ಮುಂದೆ, ಮಡಚಿದ ಹಾಳೆಯ ಮೂಲೆಯೊಂದಿತ್ತು. ಅವರು ನನಗಿಂತ ಮುಂದೆ ಓದಿದ್ದರು.

ಇನ್ನು ಆ ಕಂಬಳಿಯ ವಿಷಯ.

ಅಜ್ಜಿ ನನಗೊಂದು ಕರಿ ಕಂಬಳಿ ಕೊಟ್ಟಿದ್ದಳು. ನಮ್ಮದೇ ಕುರಿಯ ಉಣ್ಣೆ. ಕಂಬಳಿಯನ್ನು ನಮ್ಮಲ್ಲಿ ಯಾರೂ ತೊಳೆಯುವುದಿಲ್ಲ. ಬಿಸಿಲಿಗೆ ಹಾಕಿ, ಕೋಲಿನಲ್ಲಿ ಬಡಿದರೆ ಮುಗಿಯಿತು. ಕೊನೆಯ ಸೆಮಿಸ್ಟರಿನ ಹೊತ್ತಿಗೆ, ಒಂದು ಬುಧವಾರ, ಟೀಚರಮ್ಮ ಕಿಟಕಿಯ ಹತ್ತಿರ ಬಂದು ಮೂಗಿಗೆ ಸೆರಗು ಹಿಡಿದು ಕೇಳಿದರು:

"ಒಳಗೆ ಕುರಿ ಕಟ್ಟಿದೀಯೇನೇ?"

"ಇಲ್ಲ ಮೇಡಂ."

"ಮತ್ತೆ ಈ ವಾಸನೆ ನಿಂದಾ?"

ನನಗೆ ಇಪ್ಪತ್ತೊಂದು ವರ್ಷ. ನಾಚಿಕೆಯಾಯಿತು. ಈಗ ಆಗುವುದಿಲ್ಲ, ಆಗ ಆಯಿತು. ಮಾರನೆಯ ಬೆಳಿಗ್ಗೆ ಕಂಬಳಿಯನ್ನು ಸೋಪಿನ ಪುಡಿಯಲ್ಲಿ ನೆನೆಸಿದೆ. ಅಜ್ಜಿ ನೋಡಿದ್ದರೆ ಎದೆ ಬಡಿದುಕೊಳ್ಳುತ್ತಿದ್ದಳು. ನೀರು ಕುಡಿದ ಕಂಬಳಿಯನ್ನು ಹಿಂಡಲು ಒಬ್ಬಳ ಕೈಯಲ್ಲಿ ಆಗಲಿಲ್ಲ. ಅವರ ಬಟ್ಟೆ ಒಣಹಾಕುವ ತಂತಿಯನ್ನು ನಾನು ಮುಟ್ಟುವಂತಿರಲಿಲ್ಲ. ಕಿಟಕಿಯ ಬಾಗಿಲನ್ನು ಪೂರ್ತಿ ಹೊರಕ್ಕೆ ತೆರೆದರೆ ಒಳಮೈಯ ಹಿಡಿಕೆ ಹಿತ್ತಿಲ ಕಡೆಗೆ ತಿರುಗುತ್ತಿತ್ತು. ಆ ಹಿಡಿಕೆಯಿಂದ ಕರಿಬೇವಿನ ಮರಕ್ಕೆ ಒಂದು ಹಗ್ಗ ಕಟ್ಟಿ, ಕಂಬಳಿ ಹೊದಿಸಿ ಕಾಲೇಜಿಗೆ ಹೋದೆ.

ಹುಟ್ಟಿದಾಗಿನಿಂದ ಕಂಬಳಿ ಹೊದ್ದವಳು ನಾನು. ಮಳೆಯಲ್ಲಿ ನೆಂದ ಕಂಬಳಿ ಹೊತ್ತು ಬರುವಾಗ ಅಪ್ಪನ ಬೆನ್ನು ಎಷ್ಟು ಬಾಗುತ್ತದೆಂದು ಕಂಡವಳು. ಆದರೂ ಹಾಗೆ ಮಾಡಿದೆ. ಮಧ್ಯಾಹ್ನ ಜೋಗಿಮಟ್ಟಿ ಕಡೆಯಿಂದ ಗಾಳಿ ಎದ್ದಿತು. ಸಂಜೆ ಬಂದಾಗ ಕಂಬಳಿ ಮಣ್ಣಿನಲ್ಲಿ ಬಿದ್ದಿತ್ತು. ಹಿಡಿಕೆ ಎರಡು ತುಂಡಾಗಿ, ಒಂದು ತುಂಡು ಹಗ್ಗದ ಗಂಟಿನಲ್ಲೇ ನೇತಾಡುತ್ತಿತ್ತು. ಸ್ಕ್ರೂಗಳು ಮರದ ಪುಡಿ ಸಮೇತ ಕಿತ್ತು ಬಂದಿದ್ದವು.

ಟೀಚರಮ್ಮ ಬೈಯಲಿಲ್ಲ. ತುಂಡುಗಳನ್ನು ಆಯ್ದು ಸೆರಗಿನಲ್ಲಿ ಒರೆಸಿದರು. ಹಿಡಿಕೆ ಇದ್ದ ಜಾಗದ ಮೇಲೆ ಅಂಗೈ ಇಟ್ಟರು. ಆಮೇಲೆ ಹೇಳಿದರು:

"ಮುರಿದೋರೇ ಹಾಕಿಸ್ಬೇಕು."

"ಹಾಕಿಸ್ತೀನಿ ಮೇಡಂ. ನಾಳೇನೇ ಅಂಗಡಿಗೆ ಹೋಗಿ..."

"ಅಂಗಡೀದಲ್ಲ. ಇದೇ ಥರದ್ದು. ಹಿತ್ತಾಳೇದು, ಮಾವಿನಕಾಯಿ ಪಾದ ಇರೋದು."

"ಅದು ಈಗ ಸಿಗುತ್ತಾ ಮೇಡಂ? ಎರಡೂ ಬಾಗಿಲಿಗೆ ಸ್ಟೀಲಿಂದು ಜೋಡಿ ಹಾಕಿಸಿದ್ರೆ ಒಂದೇ ಥರ ಕಾಣುತ್ತೆ."

"ಹದಿಮೂರು ಕಿಟಕಿ ಹಿತ್ತಾಳೆ, ಇದೊಂದು ಸ್ಟೀಲು. ನಿನ್ನ ಬಾಯಲ್ಲಿ ಹಾಗೆ ಒಂದು ಹಲ್ಲು ಇಟ್ಕೊಂಡು ತಿರುಗ್ತೀಯಾ?"

ನಾನು ಬಾಯಿ ಬಿಟ್ಟು ಕೇಳಿದೆ, "ನಿಮ್ಮ ಹತ್ರ ಹಳೇದು ಯಾವುದಾದ್ರೂ ಉಳಿದಿದೆಯಾ ಮೇಡಂ?"

"ಇಲ್ಲ" ಎಂದರು. ಯೋಚಿಸಲೂ ಇಲ್ಲ. "ಸೋಮವಾರ ಉಜ್ಜೋ ಹೊತ್ತಿಗೆ ಹಿಡಿಕೆ ಅಲ್ಲಿರ್ಬೇಕು. ಇಲ್ಲಾಂದ್ರೆ ನಿಮ್ಮಪ್ಪನ್ನ ಕರೆಸ್ತೀನಿ. ಟ್ರಂಕು ಅವನೇ ಹೊತ್ಕೊಂಡು ಹೋಗ್ಲಿ."

ಅಂದು ಗುರುವಾರ. ಮಂಗಳವಾರ ನನ್ನ ಕೊನೆಯ ಸೆಮಿಸ್ಟರಿನ ಪರೀಕ್ಷೆ ಶುರು. ಮೊದಲ ದಿನವೇ ಇತಿಹಾಸ.

ಶುಕ್ರವಾರ ಚಿತ್ರದುರ್ಗದ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಸುತ್ತಿದೆ. ಕರವಸ್ತ್ರದಲ್ಲಿ ಮುರಿದ ಹಿಡಿಕೆ, ಬಗಲಲ್ಲಿ ನೋಟ್ಸು. ಎಲ್ಲರೂ ತುಂಡುಗಳನ್ನು ತಿರುಗಿಸಿ ನೋಡಿ, "ಇಂಥದ್ದು ಬರೋದು ನಿಂತೋಗಿ ಕಾಲ ಆತು" ಎಂದರು. ಒಬ್ಬರು ಹೊಳಲ್ಕೆರೆಯಲ್ಲಿ ಹಳೆಯ ಅಂಗಡಿಯೊಂದಿದೆ ಎಂದರು. ಶನಿವಾರ ಬೆಳಿಗ್ಗೆ ಹೊಳಲ್ಕೆರೆಗೆ ಹೋದೆ. ಅಲ್ಲಿ ಅಂಗಡಿಯ ಯಜಮಾನರು ತುಂಡನ್ನು ಕಣ್ಣಿಗೆ ಒತ್ತಿಕೊಳ್ಳುವುದೊಂದು ಬಾಕಿ.

"ಆಹಾ, ನಮ್ಮಪ್ಪನ ಕಾಲದಾಗೆ ಇವನ್ನ ಡಜನ್‌ಗಟ್ಲೆ ಮಾರ್ತಿದ್ವಿ ಕಣವ್ವ. ಕುಂತ್ಕ, ಟೀ ಕುಡಿ."

"ಒಂದು ಐತೇನ್ರಿ ಈಗ?"

"ಈಗ ಎಲ್ಲೈತೆ? ಅಪ್ಪನೂ ಇಲ್ಲ, ಮಾಲೂ ಇಲ್ಲ. ಹೊಸದುರ್ಗಕ್ ಹೋಗ್ ನೋಡು."

ಹೊಸದುರ್ಗದ ಬಸ್ಸಿಗೆ ಒಂದೂವರೆ ಗಂಟೆ ಕಾದೆ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ನೋಟ್ಸು ಬಿಚ್ಚಿದರೆ ಗಾಳಿಗೆ ಹಾಳೆ ನಿಲ್ಲುತ್ತಿರಲಿಲ್ಲ. ಹೊಸದುರ್ಗದಲ್ಲಿ ಒಬ್ಬ ಬಡಗಿ, ಉಳಿ ಮಸೆಯುವುದನ್ನು ನಿಲ್ಲಿಸದೆಯೇ, "ಹಿರಿಯೂರಾಗೆ ಹಳೇ ಮನೆ ಒಂದು ಕೆಡವ್ಯಾರೆ. ಅದರ ಕಬ್ಣ ಹಿತ್ತಾಳೆ ಎಲ್ಲಾ ಗುಜರಿಗೆ ಬಂದೈತೆ. ಅಲ್ಲಿ ನೋಡು, ಅಲ್ಲಿಲ್ಲ ಅಂದ್ರೆ ಎಲ್ಲೂ ಇಲ್ಲ" ಎಂದ.

ಭಾನುವಾರ ಹಿರಿಯೂರು. ಗುಜರಿ ಅಂಗಡಿಯ ಸಾಬರು ಹಳೆಯ ಫ್ಯಾನುಗಳ ರಾಶಿಯ ನಡುವೆ ಕುಳಿತಿದ್ದರು. ಕರವಸ್ತ್ರ ಬಿಚ್ಚಿದೆ.

"ಅರೇ, ಇದು ಪುರಾನಾ ಮಾಲು" ಎಂದು ಎದ್ದರು. "ಹೆಂಗಮ್ಮ ಮುರದೆ ಇದನ್ನ? ಇದು ಮುರಿಯೋ ಮಾಲಲ್ಲ."

"ಕಂಬಳಿ ಕಟ್ಟಿದ್ದೆ ಸಾಬ್ರೇ. ತೊಳೆದು."

"ಒದ್ದೆ ಕಂಬಳೀನಾ?" ಸಾಬರು ಹೊಟ್ಟೆ ಹಿಡಿದು ನಕ್ಕರು. "ನೀನು ಕುರಿಯೋರ ಮನೆ ಹುಡುಗಿ ಅಲ್ವಾ? ಒದ್ದೆ ಕಂಬಳಿಗೆ ಕಿಟಕೀನೇ ಕಿತ್ಕಂಡ್ ಬರ್ತೈತೆ, ಹ್ಯಾಂಡ್ಲು ಯಾವ ಮಹಾ!"

ಆ ಮೂರು ದಿನಗಳಲ್ಲಿ ನನಗೆ ನಗು ಬಂದದ್ದು ಆಗ ಮಾತ್ರ. ಸಾಬರು ಒಂದು ಗೋಣಿಚೀಲ ಸುರಿದು, ಅರ್ಧ ಗಂಟೆ ಕೆದಕಿ, ಹಸಿರು ಬಣ್ಣ ಮೆತ್ತಿದ ಒಂದು ಹಿಡಿಕೆ ಎತ್ತಿದರು. ಉಗುರಿನಿಂದ ಕೆರೆದರು. ಒಳಗೆ ಹಳದಿ ಮಿನುಗಿತು. ಪಾದ ಮಾವಿನಕಾಯಿಯದೇ. ತುಂಡುಗಳನ್ನು ಅದರ ಪಕ್ಕ ಜೋಡಿಸಿ ನೋಡಿ ತಲೆ ಅಲ್ಲಾಡಿಸಿದರು.

"ಅರ್ಧ ಬೆರಳು ಉದ್ದ ಐತಮ್ಮ. ಹಳೇ ತೂತಿಗೆ ಕೂಡಾಕಿಲ್ಲ. ಹಿಂಗ್ ಮಾಡು. ಹಳೇ ತೂತಿಗೆ ಬಿದಿರು ಕಡ್ಡಿ ಬಡ್ದು ಮುಚ್ಚು. ಹೊಸ ತೂತು ಹಾಕು. ಸ್ಕ್ರೂಗೆ ಸೋಪು ಉಜ್ಜಿ ತಿರುಗ್ಸು, ಸಲೀಸಾಗಿ ಹೋಗ್ತೈತೆ. ಸುತ್ತಿಗೇಲಿ ಮಾತ್ರ ಹೊಡೀಬೇಡ."

ತೂಕಕ್ಕೆ ಹಾಕಿ ಕೊಟ್ಟರು. ಬಸ್ಸಿನಲ್ಲಿ ಚಿತ್ರದುರ್ಗದವರೆಗೂ ನಾನು ಓದಲಿಲ್ಲ, ಹೇರ್‌ಪಿನ್ನಿನಿಂದ ಹಸಿರು ಬಣ್ಣ ಕೆರೆಯುತ್ತ ಕುಳಿತಿದ್ದೆ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಕೆಲಸ ಶುರು ಮಾಡಿದೆ. ಬಡಗಿಯನ್ನು ಕರೆಯಲು ಹೊತ್ತಿರಲಿಲ್ಲ. ಹಳೆಯ ಬುಟ್ಟಿಯ ಬಿದಿರನ್ನು ಸೀಳಿ ಕಡ್ಡಿ ಮಾಡಿ ತೂತುಗಳಿಗೆ ಬಡಿದೆ, ಉಳಿದ ತುದಿಯನ್ನು ಬ್ಲೇಡಿನಿಂದ ಕೊಯ್ದೆ. ಮೊಳೆಯ ತುದಿಯಲ್ಲಿ ಹೊಸ ತೂತುಗಳಿಗೆ ಗುರುತು ಹಾಕಿ, ಸ್ಕ್ರೂಗೆ ಸೋಪು ಉಜ್ಜಿ ತಿರುಗಿಸಿದೆ. ಹಳೆಯ ತೇಗ, ಕಲ್ಲಿನ ಹಾಗಿತ್ತು. ನಾಲ್ಕನೆಯ ಸ್ಕ್ರೂ ಕೂರುವ ಹೊತ್ತಿಗೆ ಬಲಗೈಯ ಬೊಬ್ಬೆ ಒಡೆದಿತ್ತು. ಆಮೇಲೆ ಹುಣಸೆಹಣ್ಣು, ಬೂದಿ. ಉಜ್ಜಿ ಮುಗಿಸಿದಾಗ ಪಕ್ಕದ ಹಿಡಿಕೆಗಿಂತ ಅದೇ ಹೊಳೆಯುತ್ತಿತ್ತು.

ಟೀಚರಮ್ಮ ಪಂಚೆಯ ತುಂಡು ಹಿಡಿದು ಬಂದರು. ಎಳೆದು ನೋಡಿದರು. ಕಿಟಕಿ ಮುಚ್ಚಿ, ತೆರೆದು, ಮತ್ತೆ ಮುಚ್ಚಿದರು. ಆಮೇಲೆ ಹೆಬ್ಬೆರಳು ತೋರುಬೆರಳು ಅಗಲಿಸಿ ಪಕ್ಕದ ಬಾಗಿಲಿನ ಹಳೆಯದನ್ನು ಅಳೆದು, ಅದೇ ಅಳತೆಯನ್ನು ಹೊಸದರ ಮೇಲೆ ಇಟ್ಟರು.

"ಅರ್ಧ ಬೆರಳು ಉದ್ದ ಇದೆ."

"ಹೌದು ಮೇಡಂ."

"ಹೊಸ ತೂತು ಹಾಕಿದೀಯ."

"ಹೌದು ಮೇಡಂ."

"ನಮ್ಮನೆಯವರು ತಂದ ಮರ ಅದು."

ನನಗೆ ಅಳು ಬರಲಿಲ್ಲ. ಅವರು ಅಪ್ಪನಿಗೆ ಫೋನ್ ಮಾಡಬೇಕೋ ಬೇಡವೋ ಎಂದು ಯೋಚಿಸುತ್ತಿರುವುದು ಮುಖದಲ್ಲೇ ಕಾಣುತ್ತಿತ್ತು. ಹಿಡಿಕೆಯ ಹಿಂಭಾಗದ ಸಂದಿಗೆ ಬೆರಳು ತೂರಿಸಿದರು. ಬೆರಳಿಗೆ ಏನೂ ಹತ್ತಲಿಲ್ಲ.

"ಪರೀಕ್ಷೆ ಮುಗಿಯೋವರೆಗೆ ಇರು. ಆಮೇಲೆ ಖಾಲಿ ಮಾಡು" ಎಂದು ಮುಂದಿನ ಕಿಟಕಿಗೆ ಹೋದರು.

ಮಂಗಳವಾರ ಬಲಗೈಗೆ ಬಟ್ಟೆ ಸುತ್ತಿಕೊಂಡು ಇತಿಹಾಸ ಬರೆದೆ. ಮೂರು ಗಂಟೆಯಲ್ಲಿ ಬರೆಯಬೇಕಾದದ್ದನ್ನು ಕೈ ಬರೆಯಲಿಲ್ಲ. ಓದಬೇಕಾದದ್ದನ್ನು ಓದಿಯೂ ಇರಲಿಲ್ಲ. ಅದು ನನ್ನ ಇಷ್ಟದ ವಿಷಯ. ಉಳಿದ ಎಲ್ಲದರಲ್ಲೂ ಒಳ್ಳೆಯ ಅಂಕ ಬಂತು, ಇತಿಹಾಸ ಒಂದೇ ಎಳೆದು ಕೆಳಗೆ ಹಾಕಿತು. ಪ್ರಥಮ ದರ್ಜೆ ಕೂದಲೆಳೆಯಲ್ಲಿ ಹೋಯಿತು. ಅಂಕಪಟ್ಟಿ ತೆಗೆದಾಗಲೆಲ್ಲ ಆ ಸಾಲಿನ ಮೇಲೆ ಕಣ್ಣು ಬಿದ್ದರೆ ಹೊಳಲ್ಕೆರೆ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚು ಕಾಣುತ್ತದೆ.

ಆದರೂ ಪಾಸಾಗಿದ್ದೆ. ನಮ್ಮ ವಂಶದಲ್ಲಿ ಮೊದಲ ಡಿಗ್ರಿ. ಪೇಡ ತೆಗೆದುಕೊಂಡು ಹೋಗಿ ಟೀಚರಮ್ಮನ ಮುಂದೆ ನಿಂತೆ. ಅವರ ಬಾಯಿಂದ ಆ ಹಳೆಯ ಮಾತು ವಾಪಸು ಬರುತ್ತದೆಂದು ಕಾದೆ. ಅದಕ್ಕಾಗಿಯೇ ಹೋಗಿದ್ದೆ, ಸುಳ್ಳೇಕೆ.

"ಸೆಕೆಂಡ್ ಕ್ಲಾಸಾ?" ಎಂದರು.

"ಹೌದು ಮೇಡಂ."

"ಇರ್ಲಿ. ನಿಮ್ಮಲ್ಲಿ ಅಷ್ಟಾದ್ರೂ ಆಯ್ತಲ್ಲ."

ಪೇಡ ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟರು. ತಿಂದರೋ ಇಲ್ಲವೋ ಗೊತ್ತಿಲ್ಲ.

ಮದುವೆಯ ಮಾತನ್ನು ನಾನು ಹೇಗೆ ಹಿಂದೆ ತಳ್ಳಿದೆ, ಎರಡು ವರ್ಷ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುತ್ತ ಹೇಗೆ ನೌಕರಿಯ ಪರೀಕ್ಷೆ ಕಟ್ಟಿದೆ ಎಂಬುದೆಲ್ಲ ಇಲ್ಲಿ ಬೇಡ. ಈಗ ನಾನು ಚಿತ್ರದುರ್ಗದಲ್ಲೇ ಸರ್ಕಾರಿ ಕಚೇರಿಯಲ್ಲಿ ಜನನ ಮರಣ ಪ್ರಮಾಣಪತ್ರ ಕೊಡುವ ಕೌಂಟರಿನಲ್ಲಿ ಕೂರುತ್ತೇನೆ. ಟೀಚರಮ್ಮನನ್ನು ಬೀದಿಯಲ್ಲಿ ಆಗಾಗ ಕಾಣುತ್ತಿದ್ದೆ. ನಮಸ್ಕಾರ ಮಾಡುತ್ತಿದ್ದೆ. ಅವರು ತಲೆ ಆಡಿಸುತ್ತಿದ್ದರು. ಅಷ್ಟೇ.

ಅವರು ತೀರಿಕೊಂಡ ಹನ್ನೊಂದನೆಯ ದಿನ ಮನೆಗೆ ಹೋದೆ. ಹೋಗಬೇಕೆನಿಸಿತು. ಅವರ ತಮ್ಮ ಊರಿನಿಂದ ಬಂದು ಎಲ್ಲ ಕಾರ್ಯ ಮಾಡಿದ್ದರು. ಎಪ್ಪತ್ತು ದಾಟಿದ, ಕೀರಲು ದನಿಯ ಮನುಷ್ಯ. ನಾನು ಹಿಂದೆ ಇಲ್ಲಿ ಬಾಡಿಗೆಗೆ ಇದ್ದವಳು ಎಂದೆ.

"ಬರ್ರಿ, ಬರ್ರಿ. ಊಟ ಮಾಡ್ಕಂಡೇ ಹೋಗ್ಬೇಕು" ಎಂದು ನೇರ ನಡುಮನೆಗೆ ಕರೆದರು. ಮೂರು ವರ್ಷ ಇದ್ದ ಮನೆಯ ನಡುಮನೆಯನ್ನು ನಾನು ಒಳಗಿನಿಂದ ನೋಡಿದ್ದು ಅದೇ ಮೊದಲು.

ಊಟದ ನಂತರ ಅವರು ಒಬ್ಬ ಬಡಗಿಯೊಂದಿಗೆ ಕಿಟಕಿಗಳನ್ನು ನೋಡುತ್ತಿದ್ದರು. ಮನೆ ಬಾಡಿಗೆಗೆ ಕೊಡುವವರಿದ್ದರು. ಟೀಚರಮ್ಮ ಕೊನೆಯ ವರ್ಷ ಹಾಸಿಗೆ ಹಿಡಿದಾಗ ಉಜ್ಜುವವರಿಲ್ಲದೆ ಹಿಡಿಕೆಗಳು ಕಪ್ಪಾಗಿದ್ದವು, ಕೆಲವು ಅಲ್ಲಾಡುತ್ತಿದ್ದವು.

"ಎಲ್ಲಾ ಬಿಚ್ಚಿ ಹೊಸಾದು ಹಾಕಿಬಿಡಾಣ ಅಂತೀನಿ" ಎಂದರು ತಮ್ಮ.

ಬಡಗಿ ಹೇಳಿದ, "ಒಂದ್ ಆರು ಹೋಗ್ಯಾವೆ ಅಷ್ಟೇ ಯಜಮಾನ್ರೇ. ಇದೇ ಥರದ್ದು ಸಿಕ್ರೆ ಮಿಕ್ಕಿದ್ದೆಲ್ಲಾ ಉಜ್ಜಿದ್ರೆ ಆಗ್ತೈತೆ. ಸಿಗಬೇಕಲ್ಲ."

"ಅಯ್ಯೋ, ಅವಕ್ಕೇನು, ಒಳಗೆ ಅವೆಯಲ್ಲ" ಎಂದು ತಮ್ಮ ಉಗ್ರಾಣದ ಟ್ರಂಕಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದು ನನ್ನ ಮುಂದೆಯೇ ಚಾಪೆಯ ಮೇಲೆ ಸುರಿದರು. "ಭಾವ ಮನೆ ಕಟ್ಟಿಸ್ದಾಗ ಒಂದು ಡಜನ್ ಜಾಸ್ತಿ ತಂದಿದ್ರು. ಒಂದೂ ಬಳಸಿಲ್ಲ ನಮ್ಮಕ್ಕ."

ಹನ್ನೆರಡು ಹಿಡಿಕೆ. ಮಾವಿನಕಾಯಿ ಪಾದ. ಒಂದೊಂದನ್ನೂ ಎಣ್ಣೆ ಬಟ್ಟೆಯಲ್ಲಿ ಸುತ್ತಿದ್ದರು. ಒಂದನ್ನು ನಾನೇ ಬಿಚ್ಚಿದೆ. ಮರೆತು ಹೋದ ಸಾಮಾನಾಗಿದ್ದರೆ ಕಪ್ಪು ಹಿಡಿದಿರಬೇಕಿತ್ತು. ಆ ಹಿಂಭಾಗದ ಸಂದಿಗೆ ಬೆರಳು ತೂರಿಸಿ ನೋಡಿದೆ. ಚೂರೂ ಕಪ್ಪಿರಲಿಲ್ಲ. ಕೈಕಾಲು ಆಡುವವರೆಗೂ ಅವನ್ನು ಬಿಚ್ಚಿ, ಉಜ್ಜಿ, ಮತ್ತೆ ಸುತ್ತಿಟ್ಟಿದ್ದಾರೆ. ಅಂದರೆ ನಾನು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಅಲೆಯುವಾಗಲೂ ಅವು ನನ್ನ ಗೋಡೆಯ ಆಚೆ ಬದಿಯ ಉಗ್ರಾಣದಲ್ಲಿ ಹೊಳೆಯುತ್ತ ಇದ್ದವು.

"ಒಂದೆರಡು ತಗಂಡೋಗ್ರಿ, ನೆನಪಿಗೆ" ಎಂದರು ತಮ್ಮ.

ಬೇಡವೆಂದೆ.

ಇದನ್ನು ನನ್ನ ಜೊತೆ ಕೆಲಸ ಮಾಡುವ ಗೆಳತಿಗೆ ಹೇಳಿದರೆ ಅವಳು, "ನಿನ್ನನ್ನ ಗಟ್ಟಿ ಮಾಡೋಕೆ ಹಂಗ್ ಮಾಡಿರ್ಬೇಕು ಕಣೆ. ಹಳೇ ಕಾಲದ ಟೀಚರ್‌ಗಳೇ ಹಂಗೆ" ಎಂದಳು. ಈ ಮಾತು ನನಗೆ ಸೇರುವುದಿಲ್ಲ. ಗಟ್ಟಿ ಮಾಡುವವರು ಪರೀಕ್ಷೆಯ ಹಿಂದಿನ ವಾರ ನೋಡಿಕೊಂಡು ಮಾಡುವುದಿಲ್ಲ. ನಾನು ಗಟ್ಟಿಯಾಗಿಯೇ ಇದ್ದೆ, ಮಳೆಯಲ್ಲಿ ಕುರಿ ಅಟ್ಟಿಕೊಂಡು ಬಂದವಳು. ಅವರ ಒಳಗೆ ಏನು ಕುದಿಯುತ್ತಿತ್ತೋ ನನಗೆ ಗೊತ್ತಿಲ್ಲ. ಆ ಮಡಚಿದ ಹಾಳೆಯ ಮೂಲೆ ನೆನೆದರೆ ಒಮ್ಮೊಮ್ಮೆ ಏನೋ ಹೊಳೆದಂತಾಗುತ್ತದೆ, ಅಯ್ಯೋ ಅನಿಸುತ್ತದೆ. ಅನಿಸಿದ ಮಾತ್ರಕ್ಕೆ ನನ್ನ ಇತಿಹಾಸದ ಅಂಕ ಹೆಚ್ಚುವುದಿಲ್ಲ. ನನ್ನ ಡಿಗ್ರಿಯಲ್ಲಿ ಅಪ್ಪನ ರಾಗಿ ಹಿಟ್ಟು ಇದೆ, ಹಿರಿಯೂರಿನ ಸಾಬರ ಅರ್ಧ ಗಂಟೆ ಇದೆ. ಮಿಕ್ಕಿದ್ದೆಲ್ಲ ನನ್ನದು. ಟೀಚರಮ್ಮನದು ಅದರಲ್ಲಿ ಏನೂ ಇಲ್ಲ.

ಕಳೆದ ವಾರ ಅವರ ತಮ್ಮ ನಮ್ಮ ಕೌಂಟರಿಗೆ ಬಂದರು. ಮರಣ ಪ್ರಮಾಣಪತ್ರ ಬೇಕಿತ್ತು. ಅರ್ಜಿ ನೋಡಿ ನಾನೇ ಟೈಪು ಮಾಡಿದೆ. ಹೆಸರು, ಗಂಡನ ಹೆಸರು, ಮನೆ ಸಂಖ್ಯೆ. ಒಂದಕ್ಷರ ತಪ್ಪಬಾರದೆಂದು ಎರಡು ಸಲ ಓದಿದೆ. ತಪ್ಪಿದರೆ ಟೀಚರಮ್ಮ ಎದ್ದು ಬಂದಾರು ಅನಿಸಿತು. ಮುದ್ರೆ ಒತ್ತಿ ಗಾಜಿನ ಕೆಳಗಿನ ಕಿಂಡಿಯಿಂದ ಕೊಡಲು ಹೊರಟವಳು, ಎದ್ದು ಸುತ್ತಿ ಹೊರಗೆ ಬಂದು ಅವರ ಕೈಗೇ ಕೊಟ್ಟೆ. ಇವು ಇದ್ದೂ ನಿಮ್ಮಕ್ಕ ನನಗೆ ಇಲ್ಲವೆಂದಿದ್ದರು ಎಂದು ಅವತ್ತು ಹಿಡಿಕೆಗಳ ಮುಂದೆ ಹೇಳದೆ ನುಂಗಿಕೊಂಡ ಮಾತನ್ನು ಇವತ್ತು ಹೇಳಿಬಿಡಬೇಕೆಂದು ಬಾಯಿಗೆ ತಂದುಕೊಂಡಿದ್ದೆ.

ಅವರು ಎರಡೂ ಕೈಯಲ್ಲಿ ಕಾಗದ ತೆಗೆದುಕೊಂಡು ಅಕ್ಕನ ಹೆಸರಿನ ಮೇಲೆ ಬೆರಳಾಡಿಸಿದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ನನ್ನ ಮುಖ ನೋಡಿ, ಗಾಜಿನ ಆಚೆಯ ನನ್ನ ಖಾಲಿ ಕುರ್ಚಿ ನೋಡಿದರು.

"ಅವತ್ತು ಮನೀಗ್ ಬಂದಿದ್ರಲ್ಲ, ನನಗೆ ಗೊತ್ತಾಗ್ಲಿಲ್ಲ. ಆ ಹುಡುಗಿ ನೀವೇ ಏನ್ರಿ?" ಎಂದರು. "ಮಲಗಿದ್ದಲ್ಲೇ ಬಂದೋರಿಗೆಲ್ಲಾ ಹೇಳಾಳು ನಮ್ಮಕ್ಕ. ಕುರಿ ಕಾಯೋರ ಹುಡುಗಿ ಒಂದು ಐತೆ, ಡಿಗ್ರಿ ಮಾಡಿ ಆಫೀಸ್ನಾಗೆ ಕುಂತೈತೆ, ಅದನ್ನ ಓದ್ಸಿದ್ದು ನಾನೇ ಅಂತ."